ಮೊದಲು ಯಾರ ಹಾಸಿಗೆಯ ಹತ್ತಿರ ಹೋಗುತ್ತೀರಿ?

ಸಿಸ್ಟರ್‌ಗೆ ಕೇಳಿ: ನಿವೃತ್ತ ನರ್ಸಿಂಗ್ ಟ್ಯೂಟರ್ ಒಬ್ಬರು ಉತ್ತರಿಸುವ ಅಂಕಣ

ಈ ಸಲದ ಪತ್ರಗಳಲ್ಲಿ ಎನ್‌ಕ್ಲೆಕ್ಸ್‌ನದೇ ಕಾರುಬಾರು. ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಈ ಲೈಸೆನ್ಸ್ ಪರೀಕ್ಷೆ ಪಾಸಾಗಲೇಬೇಕು. ಕೆನಡಾದ ಬಹುತೇಕ ಕಡೆ 2015ರಿಂದ ಇದನ್ನೇ ಒಪ್ಪಿಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಬರೆಯಬೇಕು, ಬೆಂಗಳೂರಿನಲ್ಲೇ ಕೇಂದ್ರ ಇದೆ. ಒಂದು ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ನಿಮ್ಮ ಪ್ರಶ್ನೆಗಳೂ ಸೇರಿವೆ.

ಮೇಡಂ, ನಮಸ್ತೆ. ನಾನು ಅರಕಲಗೂಡಿನ ಕಡೆಯವಳು. ಬಿಎಸ್‌ಸಿ ನರ್ಸಿಂಗ್ ಮುಗಿಸಿ ಆರು ವರ್ಷದಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಇದ್ದೇನೆ. ಹೋದ ತಿಂಗಳು ಎನ್‌ಕ್ಲೆಕ್ಸ್ ಬರೆದೆ. 150 ಪ್ರಶ್ನೆಯ ತನಕ ಹೋಯಿತು. ಫೇಲ್ ಆದೆ. ನನಗಿಂತ ಮೂರು ವರ್ಷ ಜೂನಿಯರ್ ಹುಡುಗಿ 85 ಪ್ರಶ್ನೆಗೇ ಮುಗಿಸಿ ಪಾಸಾದಳು. ಅವಳಿಗೆ ವೆಂಟಿಲೇಟರ್ ಅಲಾರಂ ನೋಡಲು ಹೇಳಿಕೊಟ್ಟವಳು ನಾನೇ. ರಿಪೋರ್ಟಿನಲ್ಲಿ ದೇಹದ ಕಾಯಿಲೆಗಳ ಭಾಗಕ್ಕೆ ‘ಮಟ್ಟಕ್ಕಿಂತ ಮೇಲೆ’ ಅಂತ ಇದೆ. ಔಷಧಿಗೆ ‘ಮಟ್ಟದ ಹತ್ತಿರ’. ಮ್ಯಾನೇಜ್‌ಮೆಂಟ್ ಆಫ್ ಕೇರ್ (ಆರೈಕೆಯ ನಿರ್ವಹಣೆ), ಸೈಕೋಸೋಶಿಯಲ್ (ರೋಗಿಯ ಮನಸ್ಸಿಗೆ ಸಂಬಂಧಿಸಿದ್ದು) ಎರಡಕ್ಕೂ ‘ಮಟ್ಟಕ್ಕಿಂತ ಕೆಳಗೆ’. ಆರು ವರ್ಷ ರೋಗಿಗಳನ್ನು ನೋಡಿಕೊಂಡವಳಿಗೆ ನೋಡಿಕೊಳ್ಳುವುದರಲ್ಲೇ ಕಡಿಮೆ ಬಂದರೆ ಏನು ಅರ್ಥ? ಫೀಸಿಗೆ ಅಮ್ಮನ ಸರ ಅಡ ಇಟ್ಟಿದ್ದೇವೆ. ಅಮ್ಮನಿಗೆ ‘ರಿಸಲ್ಟ್ ಬಂದಿಲ್ಲ’ ಅಂತಲೇ ಹೇಳುತ್ತಿದ್ದೇನೆ. ಇನ್‌ಚಾರ್ಜ್ ಸಿಸ್ಟರ್ ರೌಂಡ್ಸ್ ಮಧ್ಯೆ ಎಲ್ಲರ ಎದುರು, ‘ಏನಮ್ಮ, ಅಮೆರಿಕಕ್ಕೆ ಯಾವಾಗ?’ ಅಂತ ಕೇಳುತ್ತಾರೆ. 45 ದಿನ ಆದ ಕೂಡಲೇ ಮತ್ತೆ ಬರೆಯಲಾ? ಕೆಲಸ ಬಿಟ್ಟು ಓದಲಾ? ನಾನು ನಿಜವಾಗಿ ಒಳ್ಳೆಯ ನರ್ಸ್ ಅಲ್ಲವಾ?
— ಹೆಸರು ಬೇಡ, ಬೆಂಗಳೂರು

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಈ ಪರೀಕ್ಷೆ ಅದನ್ನು ಅಳೆಯುವುದೇ ಇಲ್ಲ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿರುವ ನಿಮ್ಮ ನೋಂದಣಿಗೆ ಇದರಿಂದ ಒಂದು ಗೀರೂ ಬೀಳುವುದಿಲ್ಲ. ನಾಳೆ ಡ್ಯೂಟಿಗೆ ಹೋದರೆ ನಿಮ್ಮ ಕೈಯಲ್ಲಿ ನಿನ್ನೆ ಇದ್ದ ಕೆಲಸವೇ ಇರುತ್ತದೆ.

ಈಗ ಆ 150ರ ವಿಷಯ. ನಮ್ಮ ಯೂನಿವರ್ಸಿಟಿ ಪರೀಕ್ಷೆಯ ಹಾಗೆ ಎಲ್ಲರಿಗೂ ಒಂದೇ ಪೇಪರ್ ಅಲ್ಲ ಇದು. ನೀವು ಒಂದು ಸರಿ ಉತ್ತರ ಕೊಟ್ಟರೆ ಮುಂದಿನದು ಸ್ವಲ್ಪ ಕಷ್ಟದ್ದು ಬರುತ್ತದೆ, ತಪ್ಪಿದರೆ ಸ್ವಲ್ಪ ಸುಲಭದ್ದು. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಸಮಯ 5 ಗಂಟೆ. 85 ಆದ ಮೇಲೆ, ‘ಇವರು ಪಾಸಿನ ಗೆರೆಯ ಮೇಲಿದ್ದಾರೆ’ ಅಥವಾ ‘ಕೆಳಗಿದ್ದಾರೆ’ ಅಂತ ಕಂಪ್ಯೂಟರಿಗೆ ನೂರಕ್ಕೆ 95ರಷ್ಟು ಖಾತ್ರಿಯಾದರೆ ಅಲ್ಲಿಗೇ ನಿಲ್ಲುತ್ತದೆ. ಖಾತ್ರಿಯಾಗದಿದ್ದರೆ ಕೇಳುತ್ತಲೇ ಹೋಗುತ್ತದೆ. 150ರ ತನಕ ಹೋದಿರಿ ಅಂದರೆ ಕೊನೆಯವರೆಗೂ ನಿಮ್ಮ ಬಗ್ಗೆ ತೀರ್ಮಾನಕ್ಕೆ ಬರಲು ಅದಕ್ಕೆ ಆಗಿಲ್ಲ. ನೀವು ಗೆರೆಯ ಪಕ್ಕದಲ್ಲೇ ಇದ್ದಿರಿ. ನಿಮ್ಮ ಜೂನಿಯರ್‌ಗೆ 85ಕ್ಕೆ ನಿಂತಿದ್ದು ಮೇಲೆ ಇದ್ದಿದ್ದಕ್ಕೆ. 85ಕ್ಕೇ ನಿಂತು ಫೇಲ್ ಆದವರೂ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಹಾಸ್ಟೆಲ್‌ಗಳಲ್ಲಿ ಓಡಾಡುವ ‘ಬೇಗ ನಿಂತರೆ ಪಾಸ್’ ಅನ್ನುವ ಮಾತನ್ನು ಯಾರೂ ನಂಬಬೇಡಿ.

ಇದೇ ಕಾರಣಕ್ಕೆ, ಹೊರಗೆ ಬಂದಾಗ ‘ಅರ್ಧಕ್ಕರ್ಧ ತಪ್ಪು ಮಾಡಿದೆ’ ಅನ್ನಿಸುವುದು ಎಲ್ಲರಿಗೂ ಸಹಜ. ಪ್ರಶ್ನೆಗಳು ನಿಮ್ಮ ಮಟ್ಟಕ್ಕೆ ತಕ್ಕ ಹಾಗೇ ಬರುವುದರಿಂದ ಪಾಸಾದವರಿಗೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಇನ್ನೊಂದು ಲೆಕ್ಕ ಹೇಳುತ್ತೇನೆ. 2023ರಲ್ಲಿ ಅಮೆರಿಕದಲ್ಲೇ ಓದಿ ಮೊದಲ ಸಲ ಬರೆದವರಲ್ಲಿ ನೂರಕ್ಕೆ 88ರಷ್ಟು ಜನ ಪಾಸಾದರು. ಹೊರದೇಶದಲ್ಲಿ ಓದಿ ಮೊದಲ ಸಲ ಬರೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಇಷ್ಟು ದೊಡ್ಡ ಅಂತರ ಯಾಕೆ? ಹೊರಗಿನವರು ದಡ್ಡರು ಅಂತಲಾ? ಅಲ್ಲ. ಪರೀಕ್ಷೆ ಕೇಳುವುದು ಅವರ ವಾರ್ಡಿನ ಕೆಲಸವನ್ನು, ನಾವು ಕಲಿತದ್ದು ನಮ್ಮ ವಾರ್ಡಿನದು. ನಿಮ್ಮ ರಿಪೋರ್ಟ್ ಹೇಳುತ್ತಿರುವುದೂ ಇದನ್ನೇ. ಕಾಯಿಲೆಯ ವಿಷಯದಲ್ಲಿ ನೀವು ಮೇಲಿದ್ದೀರಿ. ಆದ್ದರಿಂದ ದಯವಿಟ್ಟು ಮತ್ತೆ ಹೃದಯದ ನಾಲ್ಕು ಕೋಣೆಗಳಿಂದ ಓದಲು ಕೂರಬೇಡಿ. ಫೇಲ್ ಆದವರೆಲ್ಲ ಮಾಡುವುದು ಅದನ್ನೇ. ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಓದಿದರೆ ಮನಸ್ಸಿಗೆ ಹಾಯಾಗಿರುತ್ತದೆ, ಅಷ್ಟೇ.

ಒಂದು ಪ್ರಶ್ನೆ ಕೇಳುತ್ತೇನೆ, ಓದಿ ಒಂದು ನಿಮಿಷ ಯೋಚಿಸಿ. ಡ್ಯೂಟಿಗೆ ಬಂದಿದ್ದೀರಿ, ಹಿಂದಿನ ಪಾಳಿಯವರಿಂದ ಹ್ಯಾಂಡೋವರ್ ಆಯಿತು. ನಿಮ್ಮ ಕಡೆ ನಾಲ್ವರು. ಒಬ್ಬರಿಗೆ ನಿನ್ನೆ ಪಿತ್ತಕೋಶದ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಎಂಟು ಅನ್ನುತ್ತಿದ್ದಾರೆ. ಇನ್ನೊಬ್ಬರಿಗೆ ಶುಗರ್ 260, ಊಟಕ್ಕೆ ಮುಂಚೆ ಇನ್ಸುಲಿನ್ ಕೊಡಬೇಕು. ಮೂರನೆಯವರಿಗೆ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90. ನಾಲ್ಕನೆಯವರಿಗೆ ಬೆಳಿಗ್ಗೆ ಥೈರಾಯ್ಡ್ ತೆಗೆದಿದ್ದಾರೆ. ಉಸಿರು ಎಳೆದುಕೊಳ್ಳುವಾಗ ಸಣ್ಣಗೆ ಶಬ್ದ ಬರುತ್ತಿದೆ. ‘ನನಗೇನಿಲ್ಲ ಸಿಸ್ಟರ್, ಸ್ವಲ್ಪ ಕುತ್ತಿಗೆ ಬಿಗಿ ಅಷ್ಟೇ’ ಅನ್ನುತ್ತಾರೆ. ಮೊದಲು ಯಾರ ಹಾಸಿಗೆಯ ಹತ್ತಿರ ಹೋಗುತ್ತೀರಿ?

ನಾಲ್ಕನೆಯವರ ಹತ್ತಿರ. ಅಲ್ಲಿ ಊತವೋ ರಕ್ತವೋ ಶ್ವಾಸನಾಳವನ್ನು ಒತ್ತುತ್ತಿರಬಹುದು. ಸಿಒಪಿಡಿಯವರಿಗೆ 90 ಅಂದರೆ ಅವರ ಮಟ್ಟಿಗೆ ಸರಿಯೇ. ಐಸಿಯುನವರಾದ ನಿಮಗೆ ಇದೆಲ್ಲ ಗೊತ್ತು. ಆದರೆ ನಮ್ಮ ಜನರಲ್ ವಾರ್ಡಿನಲ್ಲಿ ನಿಜವಾಗಿ ಏನಾಗುತ್ತದೆ? ನೋವಿನವರ ತಮ್ಮನೋ ಭಾವನೋ ಕೌಂಟರಿಗೆ ಬಂದು, ‘ಎಷ್ಟೊತ್ತಿಂದ ಕರೀತಿದೀವಿ, ಯಾರೂ ಕೇಳೋರೇ ಇಲ್ವಾ?’ ಅಂತ ಕೂಗುತ್ತಾನೆ. ನಾವು ಅಲ್ಲಿಗೆ ಓಡುತ್ತೇವೆ. ಯಾರ ಕಡೆಯವರ ಗಂಟಲು ಜೋರೋ ಅವರಿಗೆ ಮೊದಲ ಪಾಳಿ. ವರ್ಷಗಟ್ಟಲೆ ಹಾಗೆ ಓಡಿದ ಕಾಲು ಪರೀಕ್ಷೆಯಲ್ಲೂ ಅಲ್ಲಿಗೇ ಓಡುತ್ತದೆ. ಎನ್‌ಕ್ಲೆಕ್ಸ್‌ನಲ್ಲಿ ಕೂಗುವ ಅಟೆಂಡರ್‌ಗಳು ಇರುವುದಿಲ್ಲ. ಸುಮ್ಮನೆ ಮಲಗಿದವರಲ್ಲಿ ಯಾರು ಕೆಡುತ್ತಿದ್ದಾರೆ ಅನ್ನುವುದನ್ನು ನೀವೇ ಹುಡುಕಬೇಕು.

ಮ್ಯಾನೇಜ್‌ಮೆಂಟ್ ಆಫ್ ಕೇರ್ ಅಂದರೆ ಬಹುಪಾಲು ಇದೇ. ಪರೀಕ್ಷೆಯ 2023ರ ಯೋಜನೆಯ ಪ್ರಕಾರ ಇದೊಂದರಿಂದಲೇ ನೂರಕ್ಕೆ 15ರಿಂದ 21 ಪ್ರಶ್ನೆ ಬರುತ್ತವೆ. ಎಲ್ಲ ಭಾಗಗಳಿಗಿಂತ ದೊಡ್ಡದು. ನೀವು ಇಲ್ಲಿ ಕೆಳಗಿದ್ದರೆ ಸೋಲು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಇದರಲ್ಲೇ ಇನ್ನೊಂದು ಗಂಟು, ಕೆಲಸ ಹಂಚುವುದು. ಅಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಅವರ ಕೆಳಗೆ ಎಲ್‌ಪಿಎನ್ (ಪ್ರಾಕ್ಟಿಕಲ್ ನರ್ಸ್), ನರ್ಸಿಂಗ್ ಅಸಿಸ್ಟೆಂಟ್ ಅಂತ ಮೂರು ಮೆಟ್ಟಿಲು. ನಮ್ಮಲ್ಲಿ ಸಿಸ್ಟರ್, ಆಯಾ, ಆಮೇಲೆ ರೋಗಿಯ ಮನೆಯವರು. ಮೈ ಒರೆಸುವುದು, ಊಟ ಮಾಡಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು ಎಲ್ಲ ಮನೆಯವರ ಪಾಲಿಗೆ. ಅದಕ್ಕೇ ‘ಇದರಲ್ಲಿ ಯಾವ ಕೆಲಸವನ್ನು ಅಸಿಸ್ಟೆಂಟ್‌ಗೆ ಕೊಡಬಹುದು?’ ಅಂದರೆ ನಮ್ಮ ಹುಡುಗಿಯರು ಊಟ ಮಾಡಿಸುವುದು ಅಂತ ಥಟ್ಟನೆ ಒತ್ತುತ್ತಾರೆ. ರೋಗಿಗೆ ಪಾರ್ಶ್ವವಾಯು ಆಗಿದ್ದು, ನುಂಗಲು ಬರುತ್ತದೋ ಇಲ್ಲವೋ ಇನ್ನೂ ನೋಡಿರದಿದ್ದರೆ? ಮೊದಲ ತುತ್ತು ಶ್ವಾಸಕೋಶಕ್ಕೆ ಇಳಿದರೆ? ಅದನ್ನು ಕೊಡುವ ಹಾಗಿಲ್ಲ. ನಮ್ಮ ವಾರ್ಡಿನಲ್ಲಿ ಮಗಳು ಮನೆಯಿಂದ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಿರುತ್ತಾಳೆ, ನಾವು ಪಕ್ಕದಲ್ಲೇ ಫೈಲ್ ಬರೆಯುತ್ತಿರುತ್ತೇವೆ. ಸೂತ್ರ ಇಷ್ಟೇ. ಪರೀಕ್ಷಿಸಿ ನೋಡುವುದು, ತಿಳಿಸಿ ಹೇಳಿಕೊಡುವುದು, ಆದ ಮೇಲೆ ಸರಿಹೋಯಿತಾ ಅಂತ ತೀರ್ಮಾನಿಸುವುದು ಆರ್‌ಎನ್ ಕೈಯಿಂದ ಕೆಳಗೆ ಇಳಿಯುವುದಿಲ್ಲ. ಸ್ಥಿತಿ ಸ್ಥಿರವಾಗಿರುವ ರೋಗಿಯ ಸ್ನಾನ, ಓಡಾಟ, ದಿನದ ಬಿಪಿ-ಪಲ್ಸ್, ಮೂತ್ರದ ಅಳತೆ ಅಸಿಸ್ಟೆಂಟ್‌ಗೆ ಕೊಡಬಹುದು.

ಮೂರನೆಯದು, ‘ಡಾಕ್ಟರಿಗೆ ತಿಳಿಸಿ’ ಅನ್ನುವ ಆಯ್ಕೆ. ಇದು ನಮ್ಮವರ ಪಾಲಿನ ಬಲೆ. ರಕ್ತ ಕೊಡುತ್ತಿದ್ದೀರಿ, ರೋಗಿಗೆ ಚಳಿ ಶುರುವಾಯಿತು, ಸೊಂಟ ನೋವು ಅನ್ನುತ್ತಿದ್ದಾರೆ. ನಮ್ಮಲ್ಲಿ ಕೈ ಸೀದಾ ಫೋನಿಗೆ ಹೋಗುತ್ತದೆ, ಯಾಕೆಂದರೆ ಕೇಳದೆ ಮಾಡಿದರೆ ಬೈಸಿಕೊಳ್ಳುವವರು ನಾವೇ. ಪರೀಕ್ಷೆಯಲ್ಲಿ ಮೊದಲು ರಕ್ತ ನಿಲ್ಲಿಸಬೇಕು. ಹೊಸ ಟ್ಯೂಬಿಂಗ್ ಹಾಕಿ ನಾರ್ಮಲ್ ಸಲೈನ್‌ನಲ್ಲಿ ಲೈನ್ ಉಳಿಸಿಕೊಳ್ಳಬೇಕು. ಆಮೇಲೆ ಫೋನ್. ಆ ಕ್ಷಣದಲ್ಲಿ ನರ್ಸ್ ತಾನೇ ಮಾಡಬಹುದಾದ ಕೆಲಸ ಆಯ್ಕೆಗಳಲ್ಲಿ ಇದೆಯಾ ಅಂತ ನೋಡಿ. ಇದ್ದರೆ ಫೋನ್ ಎರಡನೆಯದು.

ಸೈಕೋಸೋಶಿಯಲ್ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ತಕರಾರಿದೆ. ‘ಆಪರೇಷನ್ ಅಂದ್ರೆ ಭಯ ಆಗ್ತದೆ ಸಿಸ್ಟರ್’ ಅಂತ ಅಜ್ಜಿ ಅಂದರೆ ನಾವೇನು ಹೇಳುತ್ತೇವೆ? ‘ಏನೂ ಆಗಲ್ಲ ಬಿಡಜ್ಜಿ, ನಮ್ಮ ಡಾಕ್ಟ್ರು ಕೈ ಗುಣ ಒಳ್ಳೇದು.’ ಕೈ ಹಿಡಿದು ಹೀಗೆ ಹೇಳುವುದು ನನಗೆ ಈಗಲೂ ತಪ್ಪು ಅನ್ನಿಸುವುದಿಲ್ಲ. ಅಜ್ಜಿಗೂ ಅದೇ ಬೇಕಿರುತ್ತದೆ. ಆದರೆ ಪರೀಕ್ಷೆಯಲ್ಲಿ ಇದು ಪೊಳ್ಳು ಭರವಸೆ. ಸರಿ ಉತ್ತರ, ‘ಯಾವುದರ ಬಗ್ಗೆ ಭಯ ಆಗುತ್ತಿದೆ ಹೇಳಿ’ ಅನ್ನುವಂಥದ್ದು. ‘ಯಾಕೆ ಹಾಗೆ ಮಾಡಿದಿರಿ?’ ಅಂತ ಕೇಳುವ ಆಯ್ಕೆಯೂ ಸಾಮಾನ್ಯವಾಗಿ ತಪ್ಪೇ. ಇನ್ನು ಕ್ಯಾನ್ಸರ್ ಅಂತ ಮನೆಯವರಿಗೆ ಹೇಳಿ ರೋಗಿಗೆ ಮುಚ್ಚಿಡುವ ನಮ್ಮ ಪದ್ಧತಿ ಇದೆಯಲ್ಲ, ಅಲ್ಲಿ ಅದು ನಡೆಯುವುದಿಲ್ಲ. ತನ್ನ ಕಾಯಿಲೆ ತಿಳಿಯುವ ಹಕ್ಕು ರೋಗಿಯದು. ಕನ್ಸೆಂಟ್ ಫಾರಂ ಕೂಡ ಹಾಗೇ. ಆಪರೇಷನ್ ಏನು ಅಂತ ರೋಗಿಗೆ ಅರ್ಥವಾಗಿಲ್ಲ ಅಂದರೆ ನೀವು ವಿವರಿಸಲು ಕೂರಬಾರದು, ಸರ್ಜನ್ ಬಂದು ಹೇಳಬೇಕು. ಹಾಂ, ಇಲ್ಲಿ ಮಾತ್ರ ಡಾಕ್ಟರಿಗೆ ಫೋನ್ ಮಾಡುವುದೇ ಸರಿ ಉತ್ತರ.

ಔಷಧಿಯಲ್ಲಿ ನೀವು ಹತ್ತಿರ ಇದ್ದೀರಿ. ಬಹುಶಃ ಹೆಸರುಗಳೇ ಎಡವಿಸಿರಬೇಕು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಅಡ್ರಿನಲಿನ್ ಅಂದರೆ ಎಪಿನೆಫ್ರಿನ್, ಸಾಲ್ಬುಟಮಾಲ್ ಅಂದರೆ ಆಲ್ಬ್ಯುಟೆರಾಲ್, ಪೆಥಿಡಿನ್ ಅಂದರೆ ಮೆಪೆರಿಡಿನ್, ಗ್ಲಿಬೆನ್‌ಕ್ಲಮೈಡ್ ಅಂದರೆ ಗ್ಲೈಬುರೈಡ್. ಒಂದು ಹಾಳೆಯಲ್ಲಿ ಬರೆದು ಕಬೋರ್ಡಿನ ಬಾಗಿಲಿಗೆ ಅಂಟಿಸಿದರೆ ವಾರದಲ್ಲಿ ಬಾಯಿಗೆ ಬರುತ್ತದೆ. ಪೌಂಡಿನಿಂದ ಕೆಜಿ ಲೆಕ್ಕವೂ ಅಲ್ಲೇ ಇರಲಿ, 2.2ರಿಂದ ಭಾಗಿಸಿ.

2023ರ ಏಪ್ರಿಲ್‌ನಿಂದ ಪರೀಕ್ಷೆಯ ಸ್ವರೂಪ ಬದಲಾಗಿದೆ, ನಿಮಗೆ ಗೊತ್ತೇ ಇದೆ. ಒಬ್ಬನೇ ರೋಗಿ, ಅವನ ನರ್ಸ್ ನೋಟ್ಸ್, ಲ್ಯಾಬ್ ರಿಪೋರ್ಟ್, ವೈಟಲ್ಸ್ ಎಲ್ಲ ಕೊಟ್ಟು ಸಾಲಾಗಿ ಆರು ಪ್ರಶ್ನೆ. ಅಂಥ ಮೂರು ಕೇಸು ಎಲ್ಲರಿಗೂ ಬರುತ್ತವೆ. ಇದರಲ್ಲಿ ನಿಮಗೊಂದು ಅನುಕೂಲ ಇದೆ. ನೀವು ರಾತ್ರಿ ಎರಡು ಗಂಟೆಗೆ ಚಾರ್ಟ್ ನೋಡಿ ‘ಇವರ ಯೂರಿನ್ ಕಡಿಮೆ ಆಗ್ತಿದೆ, ಪಲ್ಸ್ ಏರ್ತಿದೆ’ ಅಂತ ಹಿಡಿಯುತ್ತೀರಲ್ಲ, ಇಲ್ಲಿ ಕೇಳುವುದೂ ಅದನ್ನೇ. ಆದರೆ ‘ಸರಿ ಇರುವುದನ್ನೆಲ್ಲ ಗುರುತಿಸಿ’ ಅನ್ನುವ ಪ್ರಶ್ನೆಗಳಲ್ಲಿ ಕೈ ಬಿಗಿ ಇರಲಿ. ಈಗ ಭಾಗಶಃ ಅಂಕ ಕೊಡುತ್ತಾರೆ. ಸರಿಯಾದದ್ದಕ್ಕೆ ಒಂದು ಸೇರುತ್ತದೆ, ತಪ್ಪು ಗುರುತಿಗೆ ಒಂದು ಕಳೆಯುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ‘ಯಾವುದಕ್ಕೂ ಇರಲಿ’ ಅಂತ ಎಲ್ಲದಕ್ಕೂ ಟಿಕ್ ಹಾಕಿದರೆ ಬಂದ ಅಂಕವೂ ಹೋಗುತ್ತದೆ.

ಹಾಗಾದರೆ ಓದುವುದು ಹೇಗೆ? ಸಾವಿರಾರು ಪ್ರಶ್ನೆ ಮಾಡಿದೆ ಅಂತ ನನ್ನ ಹತ್ತಿರ ಬರುವ ಹುಡುಗಿಯರೆಲ್ಲ ಹೇಳುತ್ತಾರೆ. ನನಗೆ ಸಂಖ್ಯೆಯಲ್ಲಿ ನಂಬಿಕೆ ಇಲ್ಲ. ದಿನಕ್ಕೆ ಇಪ್ಪತ್ತೇ ಮಾಡಿ. ಆದರೆ ಪ್ರತಿಯೊಂದಕ್ಕೂ, ಉಳಿದ ಮೂರು ಉತ್ತರ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳಿ. ಕನ್ನಡದಲ್ಲೇ ಹೇಳಿ, ಪರವಾಗಿಲ್ಲ. ಹೇಳಲು ಬಾರದಿದ್ದರೆ ಅದು ಸರಿ ಬಂದ ಪ್ರಶ್ನೆಯಾದರೂ ತಪ್ಪಿನ ಲೆಕ್ಕಕ್ಕೇ ಹಾಕಿ. ತಪ್ಪಾದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವಾಗ ವಿಷಯದ ಹೆಸರು ಬರೆಯಬೇಡಿ, ಕಾರಣ ಬರೆಯಿರಿ. ‘ನೋವಿನ ಕಡೆಗೆ ಓಡಿದೆ’, ‘ಮೊದಲೇ ಫೋನ್ ಮಾಡಿದೆ’, ‘ಸಮಾಧಾನ ಹೇಳಿದೆ’, ‘ಪ್ರಶ್ನೆಯ ಕೊನೆಯ ಸಾಲು ಓದಲಿಲ್ಲ’. ಸ್ವಲ್ಪ ದಿನದಲ್ಲೇ ಅವೇ ಮೂರ್ನಾಲ್ಕು ಕಾರಣಗಳು ತಿರುಗಿ ತಿರುಗಿ ಬರುವುದು ಕಾಣುತ್ತದೆ.

ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಪುಸ್ತಕ ಮುಟ್ಟಬೇಡಿ. ಮಲಗಿ. ವಾರದ ರಜೆಯ ದಿನ ಒಂದು ಸಲ ಎರಡು ಗಂಟೆ ಏಳದೆ ಕೂತು ಬರೆಯಿರಿ, ಹಿಂದಿನ ಪ್ರಶ್ನೆಗೆ ವಾಪಸು ಹೋಗದೆ. ನಿಜವಾದ ಪರೀಕ್ಷೆಯಲ್ಲಿ ಬಿಟ್ಟು ಮುಂದೆ ಹೋಗುವುದಕ್ಕೂ ಇಲ್ಲ, ತಿರುಗಿ ಬಂದು ತಿದ್ದುವುದಕ್ಕೂ ಇಲ್ಲ. ಇದು ಅಭ್ಯಾಸ ಇಲ್ಲದವರಿಗೆ ಅರವತ್ತನೇ ಪ್ರಶ್ನೆ ಹೊತ್ತಿಗೆ ತಲೆ ಕೆಡುತ್ತದೆ. ವಾರ್ಡಿನಲ್ಲೂ ಕಲಿಯಬಹುದು. ಹ್ಯಾಂಡೋವರ್ ಕೇಳುವಾಗ ಮನಸ್ಸಿನಲ್ಲೇ ಕೇಳಿಕೊಳ್ಳಿ, ಈ ನಾಲ್ವರಲ್ಲಿ ಮೊದಲು ಯಾರು, ಯಾಕೆ?

ಕೆಲಸ ಬಿಡಬೇಡಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. 45 ದಿನ ಅನ್ನುವುದು ಕಾಯಲೇಬೇಕಾದ ಕನಿಷ್ಠ ಅವಧಿ, ಗಡುವಲ್ಲ. ವರ್ಷಕ್ಕೆ ಎಂಟು ಸಲದ ತನಕ ಬರೆಯಬಹುದು. ಕೆಲವು ರಾಜ್ಯಗಳ ನಿಯಮ ಬಿಗಿ. ಉದಾಹರಣೆಗೆ ಫ್ಲೋರಿಡಾದಲ್ಲಿ ಮೂರು ಸಲ ಫೇಲ್ ಆದರೆ ಒಂದು ಕೋರ್ಸ್ ಮಾಡಿ ಬರಬೇಕು. ನಿಮ್ಮ ಅರ್ಜಿ ಅಲ್ಲಿನ ಯಾವ ರಾಜ್ಯದ ನರ್ಸಿಂಗ್ ಬೋರ್ಡಿನಲ್ಲಿದೆಯೋ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇನ್ನು ಏಜೆಂಟರು ಬಾಯಿಬಿಡದ ಒಂದು ವಿಷಯ ಇದೆ. ನರ್ಸುಗಳು ಸಾಮಾನ್ಯವಾಗಿ ಹೋಗುವ ಇಬಿ-3 ಅನ್ನುವ ಉದ್ಯೋಗದ ಗ್ರೀನ್‌ಕಾರ್ಡಿನಲ್ಲಿ (ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಅನುಮತಿ) ಭಾರತದಲ್ಲಿ ಹುಟ್ಟಿದವರ ಸರದಿ ಹತ್ತು ವರ್ಷಕ್ಕೂ ಹೆಚ್ಚು ಹಿಂದಿದೆ. ಪಾಸಾದ ನಿಮ್ಮ ಜೂನಿಯರ್ ಕೂಡ ನಾಳೆಯೇ ವಿಮಾನ ಹತ್ತುವುದಿಲ್ಲ. ಹೀಗಿರುವಾಗ ನೀವು ಒಂದೂವರೆ ತಿಂಗಳಿಗೆ ಬರೆದರೇನು, ಐದು ತಿಂಗಳಿಗೆ ಬರೆದರೇನು?

ದುಡ್ಡಿನ ವಿಷಯ. ಮತ್ತೆ ಬರೆಯಲು ಮತ್ತೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150 ಡಾಲರ್, ಅದಕ್ಕೆ ತೆರಿಗೆ. 30 ಸಾವಿರ ರೂಪಾಯಿ ದಾಟುತ್ತದೆ ಅಂತಲೇ ಇಟ್ಟುಕೊಳ್ಳಿ. ಬೋರ್ಡಿನವರೂ ಫೀಸ್ ಕೇಳಬಹುದು. ಇದಕ್ಕಾಗಿ ಇನ್ನೊಂದು ಒಡವೆ ಅಡ ಇಡಬೇಡಿ. ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ತೆಗೆದಿಡಿ. ಅದು ಕೂಡಿದ ತಿಂಗಳೇ ನಿಮ್ಮ ಪರೀಕ್ಷೆಯ ತಿಂಗಳು. ಹೀಗೆ ಮಾಡಿದರೆ ದಿನಾಂಕವನ್ನು ಅವಸರ ನಿರ್ಧರಿಸುವುದಿಲ್ಲ.

ಅಮ್ಮನಿಗೆ ಈ ವಾರವೇ ಹೇಳಿ. ಸರ ಅವರದು, ರಿಸಲ್ಟ್ ಕೇಳುವ ಹಕ್ಕೂ ಅವರದು. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಹೇಳಿ. ಇನ್‌ಚಾರ್ಜ್ ಸಿಸ್ಟರ್‌ಗೆ, ‘ಇನ್ನೊಂದ್ಸಲ ಬರೀತಿದೀನಿ ಸಿಸ್ಟರ್’ ಅಂತ ಒಂದೇ ಸಲ ಎಲ್ಲರ ಎದುರೇ ಹೇಳಿಬಿಡಿ. ಆಮೇಲೆ ಅವರು ಕೇಳಲು ಏನೂ ಉಳಿಯುವುದಿಲ್ಲ.

ಮೇಡಂ, ನಾನು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತನಾದವನು. ಮಗಳು ಇದೇ ಪರೀಕ್ಷೆ ಎರಡನೇ ಸಲ ಫೇಲ್ ಆದಳು. ರಜೆ ಹಾಕಿ ಮನೆಗೆ ಬಂದವಳು ರೂಮಿನಿಂದ ಹೊರಗೆ ಬರುತ್ತಿಲ್ಲ. ‘ಪರವಾಗಿಲ್ಲ ಬಿಡಮ್ಮ, ಇನ್ನೊಂದ್ಸಲ ಬರೆದರಾಯ್ತು’ ಅಂದೆ. ಅದಕ್ಕೂ ಅತ್ತಳು. ಏನು ಮಾತಾಡಬೇಕು ತಿಳಿಯುತ್ತಿಲ್ಲ.
— ಒಬ್ಬ ತಂದೆ, ತುಮಕೂರು

ಅಣ್ಣಾ, ನೀವು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅವಳಿಗೆ ಅದು ‘ನಾಳೆಯಿಂದಲೇ ಓದಲು ಕೂರು’ ಅಂತ ಕೇಳಿಸಿರಬಹುದು. ಸದ್ಯ ಪರೀಕ್ಷೆಯ ಮಾತೇ ಬೇಡ. ಪಕ್ಕದಲ್ಲಿ ಕೂತು, ‘ಏನು ಜಾಸ್ತಿ ಬೇಜಾರಾಗ್ತಿದೆ?’ ಅಂತ ಒಂದು ಸಲ ಕೇಳಿ, ಆಮೇಲೆ ಸುಮ್ನಿರಿ. ದುಡ್ಡು ಹೋಯಿತು ಅಂತಲೋ, ಜೊತೆಯವರು ಮುಂದೆ ಹೋದರು ಅಂತಲೋ, ಆ ದೇಶಕ್ಕೆ ಹೋಗಲು ಅವಳಿಗೇ ಮನಸ್ಸಿಲ್ಲ ಅಂತಲೋ, ಏನೇ ಹೇಳಿದರೂ ಅಲ್ಲೇ ಉತ್ತರ ಕೊಡಲು ಹೋಗಬೇಡಿ. ಕೊನೆಯದನ್ನು ಬೇಕಂತಲೇ ಬರೆದೆ. ಅಪ್ಪ-ಅಮ್ಮನ ಆಸೆಗೆ ಬರೆಯುತ್ತಿರುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೆಂಟರಿಗೆ ಯಾರಿಗೆ ಹೇಳಬೇಕು ಅನ್ನುವುದನ್ನು ಅವಳೇ ತೀರ್ಮಾನಿಸಲಿ. ಈ ಹೊತ್ತಿನಲ್ಲಿ ಮದುವೆ ಮಾತು ತೆಗೆಯುವ ಅತ್ತೆ-ಚಿಕ್ಕಮ್ಮಂದಿರನ್ನು ಬಾಗಿಲಲ್ಲೇ ತಡೆಯುವುದು ನಿಮ್ಮ ಡ್ಯೂಟಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಎರಡು ವಾರ ಕಳೆದರೂ ಊಟ-ನಿದ್ದೆ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ‘ನಾನು ಇದ್ದು ಏನು ಪ್ರಯೋಜನ’ ಅನ್ನುವಂಥ ಮಾತು ಬಂದರೆ ಎರಡು ವಾರವೂ ಬೇಡ, ಅವತ್ತೇ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ. ಟೆಲಿ ಮನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅವಳು ಮಾಡದಿದ್ದರೆ ನೀವೇ ಮಾಡಿ, ಮನೆಯವರೂ ಕೇಳಬಹುದು. ಅಂದ ಹಾಗೆ, ನರ್ಸುಗಳು ತಮ್ಮ ಮನಸ್ಸಿಗೆ ಹುಷಾರಿಲ್ಲ ಅಂತ ಒಪ್ಪಿಕೊಳ್ಳುವುದು ಬಹಳ ಕಷ್ಟ. ನಮ್ಮ ಜಾತಿಯೇ ಹಾಗೆ.

ಸಿಸ್ಟರ್, ಒಂದು ಕನ್ಸಲ್ಟೆನ್ಸಿಯವರು ‘ಅಸಲಿ ಪ್ರಶ್ನೆಗಳನ್ನೇ ಕೊಡುತ್ತೇವೆ, ಪಾಸ್ ಗ್ಯಾರಂಟಿ’ ಅನ್ನುತ್ತಿದ್ದಾರೆ. ಮೂರು ಲಕ್ಷ ಕೇಳುತ್ತಾರೆ. ಒರಿಜಿನಲ್ ಸರ್ಟಿಫಿಕೇಟ್ ಕೂಡ ಕೊಡಬೇಕಂತೆ. ನಂಬಬಹುದಾ?
— ಒಬ್ಬ ಸ್ಟಾಫ್ ನರ್ಸ್, ಕಲಬುರಗಿ

ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ ಪ್ರಶ್ನೆ ಬರುವ ಪರೀಕ್ಷೆಗೆ ‘ಅಸಲಿ ಪೇಪರ್’ ಎಲ್ಲಿಂದ ತರುತ್ತಾರೆ? ಬರೆಯುವ ಮುಂಚೆ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಗೆ ಕೊಟ್ಟೇ ಒಳಗೆ ಹೋಗಬೇಕು. ಮುರಿದರೆ ರಿಸಲ್ಟ್ ರದ್ದಾಗಬಹುದು. ಇನ್ನೊಬ್ಬರು ಬರೆದುಕೊಡುತ್ತಾರೆ ಅನ್ನುವವರಿಗೂ ಇದೇ ಉತ್ತರ. ಅಲ್ಲಿ ಅಂಗೈಯ ನರಗಳನ್ನೇ ಸ್ಕ್ಯಾನ್ ಮಾಡಿ ಒಳಗೆ ಬಿಡುತ್ತಾರೆ. ಒರಿಜಿನಲ್‌ಗಳನ್ನು ಯಾರ ಕೈಗೂ ಕೊಡಬೇಡಿ ತಮ್ಮಾ. ಆಮೇಲೆ ಬೇರೆ ಕೆಲಸಕ್ಕೆ ಸೇರಬೇಕಾದರೂ ಅವರ ಬಾಗಿಲು ಕಾಯಬೇಕಾಗುತ್ತದೆ.

ಪರೀಕ್ಷೆ ಆದ ಮೇಲೆ ಮತ್ತೆ ನೋಂದಣಿಗೆ ಕಾರ್ಡಿನಲ್ಲಿ ದುಡ್ಡು ಕಟ್ಟಲು ನೋಡಿ, ಅದು ತಿರಸ್ಕಾರವಾದರೆ ಪಾಸ್ ಅಂತ ಒಂದು ಟ್ರಿಕ್ ಹೇಳುತ್ತಾರಲ್ಲ, ಅದನ್ನೂ ಮಾಡಬೇಡಿ. ಪರೀಕ್ಷೆ ನಡೆಸುವವರೇ ಅದನ್ನು ಒಪ್ಪುವುದಿಲ್ಲ. ಕಾರ್ಡಿನಿಂದ ದುಡ್ಡು ಕಟ್ಟಾದರೆ ವಾಪಸು ಕೇಳಲು ಹೋಗಬೇಡಿ.

ಮೇಡಂ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್ ಇವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದಿವೆ, ಸರ್‌ನೇಮ್ ಜಾಗ ಖಾಲಿ ಇದೆ. ಎರಡನೇ ಸಲ ಅರ್ಜಿ ಹಾಕುವಾಗ ಯಾವುದನ್ನು ಬರೆಯಲಿ?
— ಹೆಸರು ಬೇಡ, ಚಿತ್ರದುರ್ಗ

ನಮ್ಮ ಕಡೆಯವರಿಗೆಲ್ಲ ಇರುವ ತಾಪತ್ರಯ ಇದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ. ಇಲ್ಲಿ ಬರೆಯುವವರಿಗೆ ಗುರುತಿನ ದಾಖಲೆ ಅಂದರೆ ಪಾಸ್‌ಪೋರ್ಟ್ ಒಂದೇ, ಆಧಾರ್ ನಡೆಯುವುದಿಲ್ಲ. ಪರೀಕ್ಷೆಗೆ ಅನುಮತಿ ಪತ್ರ ಬರುತ್ತದಲ್ಲ, ಎಟಿಟಿ ಅನ್ನುತ್ತಾರೆ, ಅದರಲ್ಲಿರುವ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಒಂದೇ ಇರಬೇಕು. ಹೊಂದದಿದ್ದರೆ ಬಾಗಿಲಿಂದಲೇ ವಾಪಸು ಕಳಿಸುತ್ತಾರೆ, ಫೀಸೂ ಹೋಗುತ್ತದೆ. ಸರ್‌ನೇಮ್ ಖಾಲಿ ಇರುವವರು ಏನು ತುಂಬಬೇಕು ಅಂತ ನೋಂದಣಿಗೆ ಮುಂಚೆಯೇ ಪರೀಕ್ಷಾ ಕೇಂದ್ರಗಳನ್ನು ನಡೆಸುವ ಪಿಯರ್ಸನ್ ವ್ಯೂನವರಿಗೂ ನಿಮ್ಮ ಬೋರ್ಡಿಗೂ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹೋದ ಸಲದ ಎಟಿಟಿ ಈಗ ನಡೆಯುವುದಿಲ್ಲ, ಹೊಸದು ಬರಬೇಕು. ಅದು ಬಂದ ದಿನವೇ ಅದರ ಮೇಲಿರುವ ಕೊನೆಯ ದಿನಾಂಕ ನೋಡಿ. ಸಾಮಾನ್ಯವಾಗಿ 90 ದಿನ ಕೊಡುತ್ತಾರೆ, ಮುಂದಕ್ಕೆ ಹಾಕುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಅಷ್ಟರೊಳಗೆ ಮುಗಿಯುವಂತಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಫೀಸ್ ಕಟ್ಟಿ.